ಹೀಟರ್‌ಗೆ ಅಂತ ರೊಕ್ಕ ತಗೊಂಡ್ರಿ, ಕಾಪಾಡಿದ್ದು ಅವ್ವನ ಕೌದಿ

ನಮಸ್ಕಾರ್ರಿ,

ಬುಕಿಂಗ್ ಮಾಡೋವಾಗ ನೀವು ಫೋನ್‌ನ್ಯಾಗ "ನೀವೂ ಧಾರವಾಡ ಕಡಿಯವ್ರಾ" ಅಂತ ಖುಷಿಪಟ್ಟು ಮಾತಾಡಿದ್ರಿ, ಅದಕ್ಕ ದೂರೂ ಕನ್ನಡದಾಗೇ ಬರೀಲಿಕ್ಕತ್ತೀನಿ.

ಜನವರಿಯೊಳಗ ಎರಡು ರಾತ್ರಿಗೆ ನಿಮ್ಮ ಮೋಟರ್‌ಹೋಮ್ (ಒಳಗ ಮಲಗೋ ವ್ಯವಸ್ಥೆ ಇರೋ ಗಾಡಿ) ತಗೊಂಡು ಪುಣೆಯಿಂದ ವಾಯಿ ದಾಟಿ, ಪಸರಣಿ ಘಾಟ್ ಹತ್ತಿ ಮಹಾಬಳೇಶ್ವರಕ್ಕ ಹೋಗಿದ್ವಿ. ನಾವಿಬ್ರು, ಆರು ವರ್ಷದ ಮಗಳು, ಎಪ್ಪತ್ತು ದಾಟಿದ ಅವ್ವ. ಅಲ್ಲಿ ಥಂಡಿ ಅಂದ್ರ ಪುಣೆದಾಗಿನ ಕೋಥ್ರೂಡ್‌ದ ಥಂಡಿ ಅಲ್ರಿ, ವೇಣ್ಣಾ ಕೆರಿ ಕಡೆ ಒಮ್ಮೊಮ್ಮೆ ಇಬ್ಬನಿನೇ ಹೆಪ್ಪುಗಟ್ಟಿ ಬೆಳ್ಳಗ ಕೂತಿರ್ತದ. ಗೊತ್ತಿದ್ದೇ ಡೀಸೆಲ್ ಹೀಟರ್ ಇರೋ ಗಾಡೀನೇ ಬೇಕಂತ ದಿನಕ್ಕ 800 ರೂಪಾಯಿ ಜಾಸ್ತಿ ಕೊಟ್ಟಿದ್ವಿ.

ರಾತ್ರಿ 11ಕ್ಕ ಹಚ್ಚಿದ್ವಿ, ಒಂದೂವರಿಗೆ ಬಂದ್. ಮತ್ತ ಹಚ್ಚಿದ್ರ ಫ್ಯಾನ್ ಗುಂಯ್ ಅಂತದ, ಆಮ್ಯಾಲೆ ಎರರ್ ತೋರ್ಸಿ ಸುಮ್ನಾಗ್ತದ. ಪ್ಯಾನೆಲ್ ನೋಡಿದ್ರ ಬ್ಯಾಟರಿ 11.3 ವೋಲ್ಟ್‌ಗೆ ಇಳಿದಿತ್ತು. ಟ್ಯಾಂಕಿನ್ಯಾಗ ಡೀಸೆಲ್ ತುಂಬಿತ್ರಿ, ಆದ್ರ ಆ ಹೀಟರ್ ಸ್ಟಾರ್ಟ್ ಆಗಬೇಕಂದ್ರ ಡೀಸೆಲ್ ಹೊತ್ತಿಸೋ ಗ್ಲೋ ಪ್ಲಗ್ ಕಾದು ಬಿಸಿ ಆಗಬೇಕು, ಅದಕ್ಕ ಬ್ಯಾಟರಿಯೊಳಗ ದಮ್ ಇರಬೇಕಲ್ಲ. ಒಂದು ಎಲ್‌ಇಡಿ ಲೈಟ್ ಬಿಟ್ರ ನಾವು ಬ್ಯಾರೆ ಏನೂ ಹಚ್ಚಿಲ್ಲ. ಗಾಡಿ ಕೊಡೋವಾಗ ನಿಮ್ಮ ಹುಡುಗ "ಬ್ಯಾಟರಿ ಫುಲ್ ಅದ ನೋಡ್ರಿ" ಅಂತ ತೋರ್ಸಿದ್ದ, ಆದ್ರ ಆಗಷ್ಟೇ ಎಂಜಿನ್ ಬಂದ್ ಮಾಡಿದ್ರ ಮುದಿ ಬ್ಯಾಟರಿನೂ ಫುಲ್ ಅಂತನೇ ತೋರ್ಸ್ತದ.

ಅದನ್ನೂ ಸಹಿಸ್ಕೊಬಹುದಿತ್ತು. ಎರಡಕ್ಕ ನಿಮ್ಮ ನಂಬರಿಗೆ ಫೋನ್ ಮಾಡಿದ್ರ ಎತ್ತಿದಾವ ಏನಂದ ಗೊತ್ತೇನ್ರಿ? "ಗ್ಯಾಸ್ ಒಲಿ ಹಚ್ಚಿಟ್ಟು ಕಿಟಕಿ ಹಾಕ್ಕೊಂಡು ಮಲಕ್ಕೊಳ್ರಿ ಸರ್, ಎಲ್ಲಾರೂ ಹಂಗೇ ಮಾಡ್ತಾರ." ಮುಚ್ಚಿದ ಡಬ್ಬಿಯಂಥ ಗಾಡಿಯೊಳಗ ಒಲಿ ಉರಿದ್ರ ಆಕ್ಸಿಜನ್ ಕಮ್ಮಿ ಆಗಿ ಕಾರ್ಬನ್ ಮಾನಾಕ್ಸೈಡ್ ತುಂಬ್ತದ, ಅದಕ್ಕ ವಾಸನಿ ಇಲ್ಲ, ಮಲಗಿದವ್ರು ಏಳಂಗಿಲ್ಲ. ಆ ವಿಷಗಾಳಿ ಬಂದ್ರ ಕೂಗೋ ಅಲಾರಂ ಆದ್ರೂ ಇಟ್ಟೀರೇನು ಅಂತ ಟಾರ್ಚ್ ಹಿಡಿದು ಹುಡುಕಿದೆ. ಬಾಗಿಲ ಬಾಜೂಕ ಎರಡು ಸ್ಕ್ರೂ ತೂತು, ಸುತ್ತ ಒಂದು ದುಂಡನ ಬಿಳಿ ಕಲೆ, ಅಷ್ಟ. ಅಲಾರಂ ಎಲ್ಲಿ ಹೋತು?

ಕಡೀಗೆ ಒಂದು ಕೌದಿ ಮುಂದಿನ ಗ್ಲಾಸಿಗೆ ಕಟ್ಟಿದ್ವಿ, ಅರ್ಧ ಥಂಡಿ ಅಲ್ಲಿಂದನೇ ಬರ್ತಿತ್ತು. ಇನ್ನೊಂದ್ರಾಗ ಅಜ್ಜಿ ಮೊಮ್ಮಗಳು. ಹೊರಡೋವಾಗ "ಅಷ್ಟು ಕೌದಿ ಯಾಕ" ಅಂತ ಅವ್ವಗ ಬೈದಾವ ನಾನೇ, ಅದೊಂದು ನಾಚಿಕಿ ಬ್ಯಾರೆ. ಬೆಳಿಗ್ಗೆ ನೋಡಿದ್ರ ನಮ್ಮ ಉಸಿರೇ ಕಿಟಕಿ ಮ್ಯಾಲೆ ನೀರಾಗಿ ಇಳಿದು ಹಾಸಿಗಿ ಅಂಚು ತೊಯ್ದು ಹೋಗಿತ್ತು. ಎರಡನೇ ರಾತ್ರಿ ಅಲ್ಲಿ ಉಳಿಲಿಲ್ಲ, ವಾಪಸ್ ಬಂದ್ವಿ.

ಆ ರಾತ್ರಿ ಬಾಡಿಗಿ, ಎರಡೂ ದಿನದ ಹೀಟರ್ ರೊಕ್ಕ ವಾಪಸ್ ಕೊಡ್ರಿ. ಬ್ಯಾಟರಿ ಬದಲಿಸಿ ಅಲಾರಂ ಹಾಕೋತನಕ ಆ ಗಾಡಿ ಯಾರಿಗೂ ಕೊಡಬ್ಯಾಡ್ರಿ, ಆ ಫೋನ್ ಎತ್ತೋವನಿಗೆ ಒಲಿ ಮಾತು ಇನ್ನೊಮ್ಮೆ ಆಡದಂಗ ಹೇಳ್ರಿ. ಪ್ಯಾನೆಲ್‌ದು, ಆ ತೂತಿಂದು ಫೋಟೋ ಕಳಿಸೀನಿ. ಎಂಟು ದಿನ ನೋಡ್ತೀನಿ, ಆಮ್ಯಾಲೆ ಗ್ರಾಹಕ ಸಹಾಯವಾಣಿ 1915ಕ್ಕ ಫೋನ್ ಮಾಡ್ತೀನಿ.

ಹಾಂ, ಮ್ಯಾಲಿನ ವೆಂಟ್‌ದ ರಬ್ಬರ್ ಹರಿದಿತ್ತಂತ ತುರುಕಿದ ಹಸಿರು ಟವೆಲ್ ನಮ್ದು, ಅದನ್ನೂ ಕಳಿಸಿಕೊಡ್ರಿ.