ಸಹಿ ಹಾಕಬೇಕಾ ಅಂತ ಕೇಳಿದ ಮಗಳಿಗೆ

ಪ್ರೀತಿಯ ಪುಟ್ಟಿ,

ನಿನ್ನ ಮೆಸೇಜ್ ನೋಡಿದೆ. ಕ್ರಿಕೆಟ್ ಟೂರ್ನಮೆಂಟ್ ಮುಗಿದು ಇಷ್ಟು ದಿನವಾದರೂ ತಂಡದ ಹುಡುಗಿಯರಿಗೆ ದುಡ್ಡು ಬಂದಿಲ್ಲ. ಎಲ್ಲರೂ ಸೇರಿ ಲೆಟರ್ ಕೊಡೋಣ ಎಂದರೆ ಮ್ಯಾನೇಜರ್ ನಿನ್ನನ್ನು ಮಾತ್ರ ಪಕ್ಕಕ್ಕೆ ಕರೆದು "ನಿಂದು ಈ ವಾರವೇ ಹಾಕಿಸ್ತೀನಿ, ನೀನು ಸಹಿ ಮಾಡಬೇಡ" ಎಂದಿದ್ದಾರೆ. ಏನ್ ಮಾಡ್ಲಿ ಅಪ್ಪ ಅಂತ ಕೇಳಿದ್ದೀಯ. ಫೋನಿನಲ್ಲಿ ಹೇಳಿದರೆ ಅರ್ಧ ಕೇಳಿ "ಸರಿ ಬಿಡಪ್ಪ" ಅಂತೀಯ. ಅದಕ್ಕೇ ಬರೆಯುತ್ತಿದ್ದೇನೆ.

2017ರ ಹೆಂಗಸರ ವಿಶ್ವಕಪ್ ನೆನಪಿದೆ ಅಲ್ವಾ? ಇಂಗ್ಲೆಂಡಿನ ಡರ್ಬಿಯಲ್ಲಿ ನ್ಯೂಜಿಲೆಂಡ್ ವಿರುದ್ಧ ನಮ್ಮ ಕಡೂರಿನ ವೇದಾ ಕೃಷ್ಣಮೂರ್ತಿ 45 ಎಸೆತಕ್ಕೆ 70 ಬಾರಿಸಿದಳು. ಅಲ್ಲಿಯವರೆಗೆ ಬೆಂಚ್ ಕಾಯುತ್ತಿದ್ದ ವಿಜಯಪುರದ ರಾಜೇಶ್ವರಿ ಗಾಯಕವಾಡ್ ಬಂದು 15 ರನ್ನಿಗೆ 5 ವಿಕೆಟ್ ಕಿತ್ತಳು. ಅವರು 79ಕ್ಕೆ ಆಲ್ ಔಟ್. ಐದು ದಿನ ಬಿಟ್ಟು ಅದೇ ಮೈದಾನದಲ್ಲಿ ಸೆಮಿಫೈನಲ್. ಹರ್ಮನ್‌ಪ್ರೀತ್ ಔಟಾಗದೆ 171, ಆಸ್ಟ್ರೇಲಿಯಾ ಮನೆಗೆ.

ನಾವು ಪಟಾಕಿ ಹೊಡೆದು ಮಲಗಿದೆವು. ಸೋತ ತಂಡದ ಪರಿಸ್ಥಿತಿ ನಮಗೆ ಗೊತ್ತಿರಲಿಲ್ಲ. ಟೂರ್ನಮೆಂಟ್ ನಡುವೆಯೇ, ಜೂನ್ 30ಕ್ಕೆ, ಆಸ್ಟ್ರೇಲಿಯಾದ ಆಟಗಾರರಿಗೂ ಅವರ ಕ್ರಿಕೆಟ್ ಬೋರ್ಡಿಗೂ ಇದ್ದ ಸಂಬಳದ ಒಪ್ಪಂದ ಮುಗಿದಿತ್ತು. ಹೊಸದು ಆಗಿರಲಿಲ್ಲ. ಈ ಹುಡುಗಿಯರಿಗೆ ಕಪ್ ಮುಗಿಯುವವರೆಗೆ ಅಂತ ತಾತ್ಕಾಲಿಕ ಕಾಂಟ್ರ್ಯಾಕ್ಟ್ ಕೊಟ್ಟು ಆಡಿಸಿದ್ದರು. ಉಳಿದವರು, ಗಂಡಸರೂ ಸೇರಿ ಸುಮಾರು 230 ಜನ, ಜುಲೈ 1ಕ್ಕೆ ಕೆಲಸವಿಲ್ಲದವರಾಗಿದ್ದರು.

ಜಗಳ ಇಷ್ಟೇ. ಇಪ್ಪತ್ತು ವರ್ಷದಿಂದ ಅಲ್ಲಿ ಬೋರ್ಡಿನ ವರಮಾನದಲ್ಲಿ ಆಟಗಾರರಿಗೆ ಒಂದು ಪಾಲು ಸಿಗುತ್ತಿತ್ತು. ರಾಜ್ಯ ತಂಡದಲ್ಲಿ ಆಡುವವರಿಗೂ ಸಿಗುತ್ತಿತ್ತು. ದೇಶಕ್ಕೆ ಆಡುವವರಿಗೆ ಮಿಕ್ಕಿದ್ದರಲ್ಲಿ ಪಾಲು ಕೊಡುತ್ತೇವೆ, ರಾಜ್ಯದವರಿಗೆ ಗೊತ್ತುಮಾಡಿದ ಸಂಬಳ ಸಾಕು ಎಂದಿತು ಬೋರ್ಡು. ಗಂಡಸರ ತಂಡದ ಸ್ಮಿತ್, ವಾರ್ನರ್, ಸ್ಟಾರ್ಕ್‌ನಂಥ ದೊಡ್ಡವರಿಗೆ ಬೇರೆಯಾಗಿ ಹಲವು ವರ್ಷಗಳ ಕಾಂಟ್ರ್ಯಾಕ್ಟಿನ ಆಸೆ ತೋರಿಸಿದರು ಅಂತ ಆಗ ಪೇಪರಿನಲ್ಲಿ ಬಂದಿತ್ತು. ಅವರು ಒಪ್ಪಲಿಲ್ಲ. ಹೆಂಗಸರ ಸಂಬಳ ಜಾಸ್ತಿ ಮಾಡುತ್ತೇವೆ ಎಂದೂ ಬೋರ್ಡು ಹೇಳಿತ್ತು, ಸುಳ್ಳು ಹೇಳಬಾರದು. ಆದರೂ ಆ ಹುಡುಗಿಯರು ಆಟಗಾರರ ಸಂಘದ ಜೊತೆಗೇ ನಿಂತರು. ಆಸ್ಟ್ರೇಲಿಯಾ 'ಎ' ಅಂದರೆ ಎರಡನೇ ಸಾಲಿನ ತಂಡದವರು ಬ್ರಿಸ್ಬೇನಿನಲ್ಲಿ ಸುಮ್ನೆ, ಸಂಬಳವಿಲ್ಲದೆ ಪ್ರಾಕ್ಟೀಸ್ ಮಾಡಿದರು, ದಕ್ಷಿಣ ಆಫ್ರಿಕಾ ಪ್ರವಾಸದ ವಿಮಾನ ಮಾತ್ರ ಹತ್ತಲಿಲ್ಲ. ಆಗಸ್ಟ್ 3ಕ್ಕೆ ರಾಜಿಯಾಯಿತು. ಪಾಲು ಉಳಿಯಿತು. ಹೆಂಗಸರೂ ಗಂಡಸರೂ ಮೊದಲ ಸಲ ಒಂದೇ ಒಪ್ಪಂದದೊಳಗೆ ಬಂದರು. ಹೆಂಗಸರಿಗೆ ಮೀಸಲಿಟ್ಟ ಮೊತ್ತ 75 ಲಕ್ಷ ಡಾಲರಿನಿಂದ 5.52 ಕೋಟಿ ಡಾಲರಿಗೆ ಏರಿತು.

ನಿನ್ನ ಮ್ಯಾನೇಜರ್ ಮಾಡಿದ್ದನ್ನು ನಾನು ಪೀಣ್ಯದ ಫ್ಯಾಕ್ಟರಿಯಲ್ಲಿದ್ದಾಗಲೂ ನೋಡಿದ್ದೇನೆ. ಬೋನಸ್ ಮಾತುಕತೆ ಶುರುವಾದ ವಾರವೇ ಟೂಲ್‌ರೂಮಿನವರನ್ನು ಒಬ್ಬೊಬ್ಬರಾಗಿ ಒಳಗೆ ಕರೆದು, ಕಾಫಿ ಕೊಟ್ಟು, ಸ್ಪೆಷಲ್ ಇನ್‌ಕ್ರಿಮೆಂಟ್ ಮಾತಾಡುತ್ತಿದ್ದರು. ಟೂಲ್‌ರೂಮ್ ನಿಂತರೆ ಫ್ಯಾಕ್ಟರಿ ನಿಲ್ಲುತ್ತದೆ, ಪ್ಯಾಕಿಂಗಿನವರು ನಿಂತರೆ ನಾಳೆ ಬೇರೆಯವರು ಬರುತ್ತಾರೆ. ಅವರಿಗೂ ಗೊತ್ತು, ನಮಗೂ ಗೊತ್ತು. ನಿಮ್ಮ ತಂಡದಲ್ಲಿ ಓಪನಿಂಗ್ ಆಡುವವಳು ನೀನು. ಹನ್ನೆರಡನೆಯವಳನ್ನು ಯಾರೂ ಪಕ್ಕಕ್ಕೆ ಕರೆಯಲಿಲ್ಲ, ನೋಡು.

ನಮ್ಮಲ್ಲಿ ಆಟಗಾರರ ಸಂಘ ಇಲ್ಲವಾ ಅಂತ ಕೇಳಿದ್ದೆಯಲ್ಲ. 2019ರಲ್ಲಿ ಒಂದು ಶುರುವಾಯಿತು, ಆದರೆ ಅದು ನಿವೃತ್ತರಿಗೆ. ಈಗ ಆಡುತ್ತಿರುವವರ ಪರವಾಗಿ ಬೋರ್ಡಿನ ಎದುರು ಕೂತು ಸಂಬಳದ ಲೆಕ್ಕ ಕೇಳುವ ಸಂಘವಿಲ್ಲ. ಕೊಟ್ಟರೆ ಉಂಟು, ಇಲ್ಲದಿದ್ದರೆ ಇಲ್ಲ.

ಕೊಟ್ಟೇ ಇಲ್ಲ ಅಂತಲ್ಲ. ನಮ್ಮ ಬೆಂಗಳೂರಿನ ಶಾಂತಾ ರಂಗಸ್ವಾಮಿ ದೇಶದ ಹೆಂಗಸರ ತಂಡದ ಮೊದಲ ಟೆಸ್ಟ್ ಕ್ಯಾಪ್ಟನ್. ಅವರ ಕಾಲದಲ್ಲಿ ರಿಸರ್ವೇಶನ್ ಇಲ್ಲದ ಬೋಗಿಯಲ್ಲಿ ಹೋಗಿ ಆಡಿ ಬರುತ್ತಿದ್ದರು. 2005ರ ವಿಶ್ವಕಪ್ ಫೈನಲ್ ತನಕ ಹೋದಾಗ ಮ್ಯಾಚಿಗೆ ಸಾವಿರ ರೂಪಾಯಿ ಸಿಕ್ಕಿತ್ತು ಅಂತ ಆಗಿನ ಕ್ಯಾಪ್ಟನ್ ಮಿತಾಲಿ ರಾಜ್ ಹೇಳಿಕೊಂಡಿದ್ದಾರೆ. 2022ರ ಅಕ್ಟೋಬರಿನಲ್ಲಿ ಹೆಂಗಸರಿಗೂ ಗಂಡಸರಷ್ಟೇ ಮ್ಯಾಚ್ ಫೀ ಎಂದು ಘೋಷಣೆಯಾಯಿತು. ಟೆಸ್ಟಿಗೆ 15 ಲಕ್ಷ, ಒಂದು ದಿನದ್ದಕ್ಕೆ 6, ಟಿ20ಗೆ 3. ಒಳ್ಳೆಯದೇ ಆಯಿತು. ಆದರೆ ಆಗಿನ ವಾರ್ಷಿಕ ಕಾಂಟ್ರ್ಯಾಕ್ಟ್ ತೆಗೆದು ನೋಡು. ಗಂಡಸರಲ್ಲಿ ಮೇಲಿನ ದರ್ಜೆಗೆ 7 ಕೋಟಿ, ಹೆಂಗಸರಲ್ಲಿ 50 ಲಕ್ಷ. ಗಂಡಸರ ಕೊನೆಯ ದರ್ಜೆಗೇ 1 ಕೋಟಿ! ಮ್ಯಾಚ್ ಫೀ ಸಮ ಅಂದರೂ, ಮ್ಯಾಚೇ ಕಮ್ಮಿ ಇದ್ದರೆ ಕೈಗೆ ಬರುವುದೆಷ್ಟು?

ದೇಶೀಯ ಕ್ರಿಕೆಟಿನಲ್ಲಿ ನಿನ್ನ ಸೀನಿಯರ್‌ಗಳಿಗೆ ದಿನಕ್ಕೆ 12,500 ಇದ್ದದ್ದು 2021ರಲ್ಲಿ 20,000 ಆಯಿತು. 50,000 ಮಾಡಿದ್ದು 2025ರ ಡಿಸೆಂಬರಿನಲ್ಲಿ, ನಮ್ಮ ಹುಡುಗಿಯರು ವಿಶ್ವಕಪ್ ಗೆದ್ದು ಒಂದು ತಿಂಗಳ ಮೇಲೆ. ಸಂತೋಷವೇ. ಆದರೆ ಕಪ್ ಬರುವವರೆಗೂ ಬೌಲಿಂಗ್ ಹಾಕಿದ ಕೈಗಳಿಗೆ ನೋವಿರಲಿಲ್ಲವಾ? ಇದು ನನ್ನ ಹೊಟ್ಟೆಯುರಿ, ನೀನು ಯಾರ ಮುಂದೆಯೂ ಹೇಳಬೇಡ.

ಈಗ ನಿನ್ನ ವಿಷಯ. ಸಹಿ ಹಾಕು. ಮುಂದಿನ ಸೀಸನ್ನಿಗೆ ಅವರು ಕರೆಯದೇ ಇರಬಹುದು, ಅದನ್ನೂ ಯೋಚನೆ ಮಾಡಿಯೇ ಹಾಕು. ದುಡ್ಡು ಈ ವಾರ ನಿನ್ನ ಅಕೌಂಟಿಗೆ ಬಂದರೂ ವಾಪಸ್ ಕೊಡಬೇಕಾಗಿಲ್ಲ, ಅದು ನೀನು ಆಡಿ ದುಡಿದದ್ದು. ಬಂದಿದೆ ಅಂತ ಹುಡುಗಿಯರಿಗೆ ಮಾತ್ರ ಹೇಳಿಬಿಡು, ಮುಚ್ಚಿಡಬೇಡ. ಲೆಟರಿನಲ್ಲಿ ಬೈಗುಳ ಬೇಡ, ಅನ್ಯಾಯ ಗಿನ್ಯಾಯ ಅಂತ ಭಾಷಣವೂ ಬೇಡ. ಯಾವ ತಾರೀಖು ಯಾವ ಮ್ಯಾಚ್, ಎಷ್ಟು ಕೊಡುತ್ತೇನೆಂದಿದ್ದರು, ಎಷ್ಟು ಬಾಕಿ, ಯಾವತ್ತಿಗೆ ಬೇಕು. ಅಷ್ಟೇ. ಬೆಂಚ್ ಕಾದವರ ಹೆಸರೂ ಇರಲಿ. ಕೊಡುವ ಮುಂಚೆ ಎಲ್ಲರೂ ಸಹಿ ಹಾಕಿರಲಿ, ನೀನು ಮೊದಲು ಹಾಕಿದರೆ ಚಿಕ್ಕವರಿಗೆ ಸಲೀಸು. ಒಂದು ಕಾಪಿಗೆ ತಲುಪಿದೆ ಅಂತ ಬರೆಸಿಕೊಂಡು ಇಟ್ಟುಕೊಳ್ಳಿ. ವಾಟ್ಸಾಪಿನಲ್ಲಿ ಅವರು ದುಡ್ಡಿನ ಬಗ್ಗೆ ಬರೆದದ್ದು ಏನೇ ಇದ್ದರೂ ಡಿಲೀಟ್ ಮಾಡಬೇಡಿ.

ಕರಡು ಬರೆದ ಮೇಲೆ ನನಗೊಂದು ಫೋಟೋ ಕಳಿಸು. ಲೆಕ್ಕ ನಾನು ಕೂಡಿ ನೋಡುತ್ತೇನೆ.

ನಿನ್ನ ಅಪ್ಪ