ಅಪ್ಪನ ಹೆಸರು, ತೋಟದ ಪಂಪು ಮತ್ತು ಒಂದು ಇಂಗ್ಲಿಷ್ ಪದ

ಪೆರ್ಲ, ಕಾಸರಗೋಡು

ಪ್ರೀತಿಯ ತಂಗಿ,

ನಿನ್ನ ಕಥೆಯನ್ನು ಎರಡು ಸಲ ಓದಿದೆ. ಮೊದಲ ಸಲ ಓದುವಾಗ ಜೋರು ಮಳೆ, ಕರೆಂಟೂ ಇರಲಿಲ್ಲ. ಕಿಟಕಿ ಹತ್ತಿರ ಕೂತು ನಿಧಾನಕ್ಕೆ ಓದಿದೆ. ಕೊನೆಯ ಹಾಳೆಯ ಕೆಳಗೆ ಪೆನ್ಸಿಲಿನಲ್ಲಿ ಒಂದು ಪ್ರಶ್ನೆ ಕೇಳಿದ್ದೀಯ: "ಅಕ್ಕಾ, ರೆಕ್ಟಿಫೈ ಅನ್ನುವುದಕ್ಕೆ ಸರಿಯಾದ ಕನ್ನಡ ಯಾವುದು?" ಈ ಪತ್ರ ಪೂರ್ತಿ ಅದಕ್ಕೇ ಮೀಸಲು. ಕಥೆಯ ಉಳಿದ ವಿಷಯ ಆಮೇಲೆ ಮಾತಾಡೋಣ.

ನಿನ್ನ ಕಥೆಯಲ್ಲಿ ಮೂರು ಸಂಗತಿಗಳು ಕೆಡುತ್ತವೆ. ತೋಟದ ಪಂಪು ನಿಲ್ಲುತ್ತದೆ. ಜಾಗದ ಆಧಾರದಲ್ಲಿ, ಅಂದರೆ ಅದರ ನೋಂದಣಿ ಪತ್ರದಲ್ಲಿ, ಅಪ್ಪನ ಹೆಸರು ತಪ್ಪಾಗಿರುತ್ತದೆ. ಅಪ್ಪನೂ ದೊಡ್ಡಪ್ಪನೂ ಮಾತು ಬಿಟ್ಟಿರುತ್ತಾರೆ. ಈ ಮೂರಕ್ಕೂ ನೀನು "ಸರಿಪಡಿಸಲಾಯಿತು" ಅಂತಲೇ ಬರೆದಿದ್ದೀಯ. ಇಂಗ್ಲಿಷಿನಲ್ಲಿ ಯೋಚಿಸಿ, ನಿಘಂಟು ತೆರೆದು, ಮೊದಲು ಸಿಕ್ಕ ಪದ ಹಾಕಿದ್ದೀಯ ಅಂತ ನನಗೆ ಅನಿಸಿತು. ಹೌದಲ್ವಾ?

ಆ ಇಂಗ್ಲಿಷ್ ಪದವನ್ನೇ ಮೊದಲು ನೋಡು. ಲ್ಯಾಟಿನ್ನಿನಲ್ಲಿ 'ರೆಕ್ಟಸ್' ಅಂದರೆ ನೆಟ್ಟಗಿರುವುದು. ಅದಕ್ಕೆ 'ಮಾಡು' ಅನ್ನುವ ಪದ ಸೇರಿ ರೆಕ್ಟಿಫೈ ಆಯಿತು. ಅಂದರೆ ನೆಟ್ಟಗೆ ಮಾಡು. ರೆಕ್ಟ್ಯಾಂಗಲ್ ಆ ರೆಕ್ಟಸ್‌ನಿಂದಲೇ ಬಂದದ್ದು, ಕರೆಕ್ಟ್ ಕೂಡ ಅದೇ ಮನೆತನದ್ದು. ನಿನ್ನ ಮೊಬೈಲ್ ಚಾರ್ಜರಿನೊಳಗೆ ರೆಕ್ಟಿಫೈಯರ್ ಇದೆ. ನಮ್ಮ ಮನೆಗೆ ಬರುವ ಕರೆಂಟು ಸೆಕೆಂಡಿಗೆ 50 ಸಲ ಆಚೆ ಹೋಗಿ ಈಚೆ ಬರುತ್ತದೆ. ಅದನ್ನು ಒಂದೇ ದಿಕ್ಕಿಗೆ ಹರಿಯುವ ಹಾಗೆ ಮಾಡುವುದು ಆ ಪುಟ್ಟ ಭಾಗದ ಕೆಲಸ. ಪದದ ಹಳೆಯ ಅರ್ಥ ಅಲ್ಲಿ ಹಾಗೆಯೇ ಉಳಿದಿದೆ.

ಇಂಗ್ಲಿಷಿನವರು ಇದನ್ನು ಎಲ್ಲ ಕಡೆ ಬಳಸುವುದಿಲ್ಲ. ಲೆಕ್ಕದ ತಪ್ಪು, ದಾಖಲೆಯ ದೋಷ, ಹದಗೆಟ್ಟ ಪರಿಸ್ಥಿತಿ, ಇಂಥವಕ್ಕೆ ರೆಕ್ಟಿಫೈ ಹೇಳುತ್ತಾರೆ. ಕಾಲು ಮುರಿದ ಕುರ್ಚಿಗೆ ರಿಪೇರ್. ಕಾಯಿಲೆಗೆ ಕ್ಯೂರ್. ರೆಮಿಡಿ ಬೇರೆಯೇ. ಅದು ಮೆಡಿಸಿನ್ ಬಂದ ಬೇರಿನಿಂದಲೇ ಬಂದದ್ದು, ಹಾಗಾಗಿ ಅದರಲ್ಲಿ ಮದ್ದಿನ ವಾಸನೆ ಇದೆ. ರೆಕ್ಟಿಫೈ ಕಚೇರಿಯ ಪತ್ರಗಳಲ್ಲಿ ಜಾಸ್ತಿ ಓಡಾಡುವ ಪದ. ನಲ್ಲಿ ಸೋರಿದರೆ ಮನೆಯಲ್ಲಿ ಯಾರೂ ಆ ಪದ ತರುವುದಿಲ್ಲ, ಫಿಕ್ಸ್ ಅನ್ನುತ್ತಾರೆ.

ಈಗ ನಿನ್ನ ಕಥೆಯ ಆಧಾರಕ್ಕೆ ಬರುತ್ತೇನೆ. ರೆಕ್ಟಿಫೈ ಸರಿಯಾಗಿ ಕೂರುವುದು ಅಲ್ಲಿ ಮಾತ್ರ. ಇದು ನಮ್ಮ ಮನೆಯಲ್ಲೂ ನಡೆದದ್ದು. ನನ್ನ ಅಪ್ಪನ ಹೆಸರು ಕನ್ನಡದಲ್ಲಿ ಒಂದು ರೀತಿ ಇತ್ತು. ಮಲಯಾಳದಲ್ಲಿ ಬರೆದಾಗ ಬಾಲ ಬದಲಾಯಿತು. ಅಲ್ಲಿಂದ ಇಂಗ್ಲಿಷಿಗೆ ಹೋದಾಗ ನಡುವಿನ ಒಂದು ಅಕ್ಷರವೇ ಬಿದ್ದುಹೋಯಿತು. ಅಪ್ಪ ತೀರಿಹೋದ ಮೇಲೆ, ಅವರು ಮತ್ತು ಆಧಾರದಲ್ಲಿರುವ ಮನುಷ್ಯ ಒಬ್ಬರೇ ಅಂತ ತೋರಿಸಲು ನಾನು ತಿಂಗಳುಗಟ್ಟಲೆ ಓಡಾಡಿದೆ. ಒಂದು ಕಚೇರಿಯ ಬೆಂಚಿನ ಮೇಲೆ ಕೂತು ಅತ್ತಿದ್ದೂ ಇದೆ. ನನ್ನ ಅಪ್ಪನ ಹೆಸರು ಏನೆಂದು ನಾನೇ ಸಾಬೀತು ಮಾಡಬೇಕಾಯಿತು ಅನ್ನುವ ನೋವು ಅದು.

ಕೊನೆಗೆ ತಿದ್ದುಪಡಿ ಆಧಾರ ಮಾಡಿಸಿದೆವು. ಮಲಯಾಳದಲ್ಲಿ ಅದಕ್ಕೆ 'ಪಿಳ ತಿರುತ್ತ್' ಆಧಾರ ಅನ್ನುತ್ತಾರೆ. ಪಿಳ ಅಂದರೆ ತಪ್ಪು. ತಿರುತ್ತ್ ಅಂದರೆ ನಮ್ಮ ತಿದ್ದು. ಹಳಗನ್ನಡದಲ್ಲಿ ಅದು ತಿರ್ದು, ತಮಿಳಿನಲ್ಲಿ ತಿರುತ್ತು, ತೆಲುಗಿನಲ್ಲಿ ದಿದ್ದು. ಗಡಿಯಲ್ಲಿ ಹುಟ್ಟಿದ ನಮಗೆ ಈ ಅಕ್ಕತಂಗಿಯರ ದನಿ ದಿನವೂ ಕಿವಿಗೆ ಬೀಳುತ್ತದೆ. ಅದನ್ನು ಕೇಳಿಸಿಕೋ. ಬರೆಯುವವಳಿಗೆ ಅದು ದೊಡ್ಡ ಆಸ್ತಿ.

ಕಾನೂನಿನಲ್ಲಿ ಈ ತಿದ್ದುವಿಕೆಗೆ ಒಂದು ಗಟ್ಟಿ ಅರ್ಥವಿದೆ. 1963ರ ಸ್ಪೆಸಿಫಿಕ್ ರಿಲೀಫ್ ಕಾಯ್ದೆಯ 26ನೇ ಸೆಕ್ಷನ್ ನೋಡು. ಮೋಸದಿಂದಲೋ, ಎರಡೂ ಕಡೆಯವರ ತಪ್ಪಿನಿಂದಲೋ ಅವರ ನಿಜವಾದ ಉದ್ದೇಶ ಬರಹದಲ್ಲಿ ಬಂದಿಲ್ಲ ಅಂದರೆ ಆ ಬರಹವನ್ನು ರೆಕ್ಟಿಫೈ ಮಾಡಿಸಬಹುದು. ಹೊಸದೇನನ್ನೂ ಸೇರಿಸುವ ಹಾಗಿಲ್ಲ. ಮೊದಲೇ ಮನಸ್ಸಿನಲ್ಲಿದ್ದದ್ದು ಕಾಗದದ ಮೇಲೆ ಬರಬೇಕು, ಅಷ್ಟೆ.

ಸಂವಿಧಾನದ ತಿದ್ದುಪಡಿ ಹಾಗಲ್ಲ. ಅದಕ್ಕೆ ಇಂಗ್ಲಿಷಿನಲ್ಲಿ ಅಮೆಂಡ್‌ಮೆಂಟ್ ಅನ್ನುತ್ತಾರೆ. 1956ರ ನವೆಂಬರ್ 1ಕ್ಕೆ ನಮ್ಮ ಕಾಸರಗೋಡು ಕೇರಳಕ್ಕೆ ಸೇರಿತಲ್ಲ, ಅದೇ ದಿನ ಸಂವಿಧಾನದ 7ನೇ ತಿದ್ದುಪಡಿಯೂ ಜಾರಿಗೆ ಬಂತು. 350ಎ ವಿಧಿ ಸೇರಿದ್ದು ಆಗಲೇ. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ತಾಯಿನುಡಿಯಲ್ಲಿ ಕಲಿಯಲು ಸಾಕಷ್ಟು ಅನುಕೂಲ ಮಾಡಿಕೊಡಬೇಕು ಅನ್ನುತ್ತದೆ ಅದು. ನೀನೂ ನಾನೂ ಕನ್ನಡ ಶಾಲೆಯಲ್ಲಿ ಕಲಿತವರು, ಹಾಗಾಗಿ ಇದು ನಮಗೆ ದೂರದ ವಿಷಯ ಅಲ್ಲ. ಮೊದಲು ಇಲ್ಲದ್ದನ್ನು ಅಲ್ಲಿ ಹೊಸದಾಗಿ ಸೇರಿಸಿದರು. ಕನ್ನಡದಲ್ಲಿ ಎರಡಕ್ಕೂ ತಿದ್ದುಪಡಿ ಅಂತಲೇ ಹೇಳುತ್ತೇವೆ. ಓದುವವರಿಗೆ ಯಾವುದು ಅಂತ ತಿಳಿಯುವ ಹಾಗೆ ಸುತ್ತಲಿನ ಮಾತನ್ನು ನೀನು ಜೋಡಿಸಬೇಕು.

ತಿದ್ದು ನನಗೆ ತುಂಬ ಇಷ್ಟದ ಪದ. ಒಂದನೇ ಕ್ಲಾಸಿನಲ್ಲಿ ಟೀಚರ್ ಸ್ಲೇಟಿನ ಮೇಲೆ 'ಅ' ಬರೆದು "ತಿದ್ದು ಮಗಾ" ಅನ್ನುತ್ತಿದ್ದರು. ಅಲ್ಲಿ ತಪ್ಪೇ ಇರಲಿಲ್ಲ. ಅವರ ಗೆರೆಯ ಮೇಲೆಯೇ ನನ್ನ ಬಳಪ ಹೋಗಬೇಕಿತ್ತು. ಹುಬ್ಬು ತಿದ್ದುವುದರಲ್ಲೂ ತಪ್ಪಿನ ಮಾತಿಲ್ಲ, ಚಂದ ಮಾಡುವುದಿದೆ. ರೆಕ್ಟಿಫೈ ಪದಕ್ಕೆ ಈ ಅರ್ಥಗಳಿಲ್ಲ. ನಿನ್ನ ಕಥೆಯ ಹುಡುಗಿ ಅಪ್ಪನ ಹೆಸರು ತಿದ್ದಿಸುವಾಗ ಅವಳಿಗೆ ಆ ಸ್ಲೇಟು ನೆನಪಾದರೆ ಹೇಗಿರುತ್ತದೆ? ಯೋಚಿಸು.

ಪಂಪಿನ ವಿಷಯ ಸುಲಭ. ನಮ್ಮ ಊರಲ್ಲಿ ಯಾರೂ ಪಂಪನ್ನು ಸರಿಪಡಿಸುವುದಿಲ್ಲ. ರಿಪೇರಿ ಮಾಡಿಸುತ್ತಾರೆ. "ಪಂಪು ಸಮ ಆಯ್ತಾ?" ಅಂತ ಕೇಳುತ್ತಾರೆ. ತುಳುವಿನಲ್ಲೂ ಸಮ ಅಂತಲೇ ಹೇಳುವುದು. ಮಲಯಾಳದ ಮೆಕ್ಯಾನಿಕ್ ಆದರೆ "ಶರಿಯಾಕ್ಕಾಂ" ಅಂತಾನೆ. ಅವನ ಬಾಯಲ್ಲಿ ಅದನ್ನೇ ಬರೆ, ನಮ್ಮ ಓದುಗರಿಗೆ ಗೊತ್ತಾಗುತ್ತದೆ. ಅದಕ್ಕಿಂತ ಮುಖ್ಯ, ಪಂಪಿಗೆ ಏನಾಗಿತ್ತು ಅಂತ ಹೇಳು. ಫುಟ್‌ವಾಲ್ವಿಗೆ ಕಸ ಸಿಕ್ಕಿತ್ತಾ? ಕಂಡೆನ್ಸರ್ ಹೋಗಿತ್ತಾ? ವೈಂಡಿಂಗ್ ಸುಟ್ಟಿತ್ತಾ? ಕಸ ಆದರೆ ಅಪ್ಪನೇ ತೆಗೆಯುತ್ತಾರೆ. ವೈಂಡಿಂಗ್ ಆದರೆ ಪಂಪು ಪೇಟೆಗೆ ಹೋಗಬೇಕು, ದುಡ್ಡು ಬೇಕು, ಅಷ್ಟು ದಿನ ಅಡಿಕೆ ಮರಕ್ಕೆ ನೀರಿಲ್ಲ. ನಿನ್ನ ಕಥೆ ಎತ್ತ ತಿರುಗುತ್ತದೆ ಅನ್ನುವುದೂ ಅದರ ಮೇಲೆ ನಿಂತಿದೆ. "ಸರಿಪಡಿಸಲಾಯಿತು" ಅಂದ ಕೂಡಲೇ ಕೆಟ್ಟದ್ದೇನು, ಕೈ ಹಾಕಿದವರು ಯಾರು, ಎರಡೂ ಮಾಯವಾದವು.

ಇನ್ನು ಅಪ್ಪ ಮತ್ತು ದೊಡ್ಡಪ್ಪ. ಆ ಪುಟ ಓದುವಾಗ ನನಗೆ ಗಂಟಲು ಕಟ್ಟಿತು. ಹನ್ನೊಂದು ವರ್ಷದ ಮೇಲೆ ದೊಡ್ಡಪ್ಪ ಬಂದು ಜಗಲಿಯಲ್ಲಿ ಕೂರುತ್ತಾರೆ. ಅಮ್ಮ ಏನೂ ಕೇಳದೆ ಬೆಲ್ಲ ನೀರು ತಂದಿಡುತ್ತಾರೆ. ಅಪ್ಪ ಒಳಗಿಂದ ಬಂದು "ಮಳೆ ಹೇಗೆ ಆ ಕಡೆ?" ಅಂತ ಕೇಳುತ್ತಾರೆ. ಎಷ್ಟು ಚೆನ್ನಾಗಿ ಬರೆದಿದ್ದೀಯ! ಅದರ ಕೆಳಗೆ "ಹೀಗೆ ಅವರ ಸಂಬಂಧವನ್ನು ಸರಿಪಡಿಸಲಾಯಿತು" ಅಂತ ಒಂದು ಸಾಲು ಇದೆ. ಅದನ್ನು ಹೊಡೆದು ಹಾಕು. ಅಲ್ಲಿ ಯಾರೂ ಏನನ್ನೂ ನೆಟ್ಟಗೆ ಮಾಡಿಲ್ಲ. ಮುನಿಸು ತಾನಾಗಿ ಇಳಿಯಿತು. ಜಾಗದ ಜಗಳ ಇನ್ನೂ ಹಾಗೇ ಇದೆ, ಅದು ನಿನಗೂ ಗೊತ್ತು. ಹೊಡೆದು ಹಾಕಿದ ಆ ಸಾಲಿನ ಬದಲಿಗೆ ಬೇರೆ ಪದ ಹುಡುಕಬೇಡ.

ನಿನ್ನ ಅಮ್ಮನ ಹತ್ತಿರ ಒಂದು ಮಾತು ಕೇಳಿ ಬರೆದು ಕಳಿಸು. ನಿಮ್ಮ ಮನೆಯ ಪಂಪು ನಿಂತಿದ್ದು ಮತ್ತೆ ನೀರೆತ್ತಿದ ದಿನ ಅವರು ಏನು ಹೇಳಿದ್ದರು? ಅವರ ಬಾಯಲ್ಲಿ ಬಂದ ಹಾಗೇ ಬೇಕು. ದೀಪಾವಳಿಗೆ ಮೊದಲು ಈ ಕಡೆ ಬಂದರೆ ಹೊಸ ಪ್ರತಿ ತೆಗೆದುಕೊಂಡು ಬಾ, ಒಟ್ಟಿಗೆ ಕೂತು ಓದೋಣ.

ನಿನ್ನ,
ಅಕ್ಕ