ಬಿಳುಪಿನ ಕ್ರೀಮು: ಪಾರ್ಲರ್ ಪರವಾನಗಿಯಲ್ಲೇ ನಿಯಮ ಬರಲಿ

ಮಾನ್ಯ ಸಂಪಾದಕರೇ,

ನಮ್ಮ ಕಾಸರಗೋಡು, ಮಂಜೇಶ್ವರ ತಾಲೂಕುಗಳ ಸಣ್ಣ ಪೇಟೆಗಳಲ್ಲೂ ಈಗ ಬ್ಯೂಟಿ ಪಾರ್ಲರ್‌ಗಳಿವೆ. ಹೆಣ್ಣುಮಕ್ಕಳು ಸ್ವಂತ ದುಡಿಮೆಯಿಂದ ನಡೆಸುವ ಈ ಅಂಗಡಿಗಳ ಬಗ್ಗೆ ನನಗೆ ಗೌರವವಿದೆ. ಆದರೆ ಅವುಗಳಲ್ಲಿ ಕೆಲವು ಕಡೆ ಮುಖ ಬೆಳ್ಳಗಾಗುತ್ತದೆಂದು ಹೇಳಿ ಕೊಡುವ, ತಯಾರಕರ ಹೆಸರೂ ಇಲ್ಲದ ಕ್ರೀಮುಗಳನ್ನು ಯಾರೂ ಪರಿಶೀಲಿಸುತ್ತಿಲ್ಲ ಎಂಬುದು ನಮ್ಮ ಮನೆಗೇ ಕಷ್ಟ ಬಂದ ಮೇಲೆ ತಿಳಿಯಿತು.

ಕಳೆದ ವರ್ಷ ಮದುವೆ ಗೊತ್ತಾಗಿದ್ದ ನನ್ನ ತಂಗಿಯ ಮಗಳಿಗೆ ಪರಿಚಯದ ಪಾರ್ಲರೊಂದರಲ್ಲಿ ಪುಟ್ಟ ಡಬ್ಬಿಯೊಂದನ್ನು ಕೊಟ್ಟು, ರಾತ್ರಿ ಮಲಗುವ ಮೊದಲು ಹಚ್ಚಬೇಕೆಂದೂ ಹಚ್ಚುವಾಗ ಚಿನ್ನದ ಉಂಗುರ ತೆಗೆದಿಡಬೇಕೆಂದೂ ಹೇಳಿದ್ದರು. ಮೂರು ವಾರಗಳಲ್ಲಿ ಮುಖ ಬೆಳ್ಳಗಾಯಿತು. ನಾನೂ ಸೇರಿದಂತೆ ಮನೆಯವರೆಲ್ಲ ಸಂತೋಷಪಟ್ಟೆವು. ಎರಡು ತಿಂಗಳಾಗುವಷ್ಟರಲ್ಲಿ ಬೆಳಗ್ಗೆ ಏಳುವಾಗ ಕಣ್ಣಿನ ಸುತ್ತ ಊದಿರುತ್ತಿತ್ತು, ಸಂಜೆಗೆ ಕಾಲ್ಗೆಜ್ಜೆ ಹೂತುಹೋಗುವಷ್ಟು ಪಾದ ಬಾತಿರುತ್ತಿತ್ತು. ಹೆಬ್ಬೆರಳಿನಿಂದ ಒತ್ತಿದರೆ ಬಿದ್ದ ಗುಳಿ ಹಾಗೆಯೇ ಉಳಿಯುತ್ತಿತ್ತು. ಮಂಗಳೂರಿನ ವೈದ್ಯರು ಮೂತ್ರದಲ್ಲಿ ಪ್ರೋಟೀನ್ ಹೋಗುತ್ತಿರುವುದನ್ನು ಕಂಡವರೇ, ಮುಖಕ್ಕೆ ಏನು ಹಚ್ಚುತ್ತೀಯಮ್ಮಾ ಎಂದು ಕೇಳಿದರು. ರಕ್ತ ಪರೀಕ್ಷೆಯಲ್ಲಿ ಪಾದರಸ ಸಿಕ್ಕಿತು. ಕ್ರೀಮು ನಿಲ್ಲಿಸಿದ ಮೇಲೆ, ಔಷಧಿಯ ಬಲದಿಂದ ಹುಡುಗಿ ಚೇತರಿಸಿಕೊಳ್ಳುತ್ತಿದ್ದಾಳೆ.

ಪಾದರಸದ ಲವಣಗಳು ಚರ್ಮಕ್ಕೆ ಬಣ್ಣ ಕೊಡುವ ಮೆಲನಿನ್ ತಯಾರಾಗದಂತೆ ತಡೆಯುತ್ತವೆ, ಅದರಿಂದಲೇ ಮುಖ ಬಿಳುಚುತ್ತದೆ. ಅದೇ ಪಾದರಸ ಚರ್ಮದ ಮೂಲಕ ರಕ್ತಕ್ಕಿಳಿದು ಮೂತ್ರಪಿಂಡವನ್ನು ಸೇರುತ್ತದೆ. ಚಿನ್ನಕ್ಕೆ ಪಾದರಸ ತಾಗಿದರೆ ಎರಡೂ ಬೆರೆತು ಚಿನ್ನ ಕೆಡುತ್ತದೆ. ಉಂಗುರ ತೆಗೆದಿಡಿ ಎಂಬ ಮಾತಿನ ಅರ್ಥ ನಮಗೆ ಆಗ ಹೊಳೆಯಲಿಲ್ಲ. ಒಡವೆಗೆ ತಾಗಬಾರದ ವಸ್ತುವನ್ನು ಮಗುವಿನ ಕೆನ್ನೆಗೆ ಹಚ್ಚಲು ಬಿಟ್ಟೆವಲ್ಲ ಎಂಬ ನೋವು ನನ್ನನ್ನು ಇನ್ನೂ ಬಿಟ್ಟಿಲ್ಲ.

ಇದು ನಮ್ಮೊಂದು ಮನೆಯ ಕತೆಯಲ್ಲ. ಮಲಪ್ಪುರಂ ಜಿಲ್ಲೆಯ ಕೋಟಕ್ಕಲ್‌ನ ವೈದ್ಯರು 2021ರ ಜುಲೈಯಿಂದ 2023ರ ಸೆಪ್ಟೆಂಬರ್‌ವರೆಗೆ ಕಂಡ ಇಂಥ ಮೂತ್ರಪಿಂಡ ರೋಗದ 22 ಪ್ರಕರಣಗಳಲ್ಲಿ 13 ಮಂದಿ ಬಿಳುಪಿನ ಕ್ರೀಮು ಹಚ್ಚುತ್ತಿದ್ದುದಾಗಿ ಒಪ್ಪಿಕೊಂಡಿದ್ದರು. ಕೇರಳದ ಔಷಧ ನಿಯಂತ್ರಣ ಇಲಾಖೆ 2023ರಲ್ಲಿ ‘ಆಪರೇಷನ್ ಸೌಂದರ್ಯ’ ಹೆಸರಿನಲ್ಲಿ ತಪಾಸಣೆ ಆರಂಭಿಸಿದ್ದು ಶ್ಲಾಘನೀಯ. ಕಣ್ಣಿನ ಅಲಂಕಾರ ಸಾಮಗ್ರಿಯನ್ನು ಬಿಟ್ಟು ಉಳಿದ ಸೌಂದರ್ಯವರ್ಧಕಗಳಲ್ಲಿ ಅರಿಯದೆ ಸೇರುವ ಪಾದರಸ ಕೂಡ ಹತ್ತು ಲಕ್ಷಕ್ಕೆ ಒಂದು ಭಾಗವನ್ನು ಮೀರಬಾರದೆಂಬ ಕಾನೂನೂ ಇದೆ. ಆದರೆ ದಾಳಿ ಎಂದೋ ಒಮ್ಮೆ ನಡೆಯುತ್ತದೆ, ಪಾರ್ಲರ್ ದಿನವೂ ತೆರೆದಿರುತ್ತದೆ.

ಇಂಗ್ಲೆಂಡಿನಲ್ಲಿ ನರ್ಸ್ ಆಗಿರುವ ನಮ್ಮ ಸಂಬಂಧಿಯೊಬ್ಬಳು ಇದನ್ನು ಕೇಳಿ, ಅಲ್ಲಿ ಬೆಳ್ಳಗಿನವರು ಕಂದು ಬಣ್ಣಕ್ಕಾಗಿ ಮಲಗುವ ಟ್ಯಾನಿಂಗ್ ಬೆಡ್‌ಗಳ ವಿಷಯ ಹೇಳಿದಳು. ಅತಿನೇರಳೆ ಕಿರಣ ಸೂಸುವ ಆ ಯಂತ್ರಗಳನ್ನು 2009ರಲ್ಲಿ ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು ಮನುಷ್ಯರಿಗೆ ಕ್ಯಾನ್ಸರ್ ತರುವ ವಸ್ತುಗಳ ಮೊದಲ ವರ್ಗಕ್ಕೆ ಸೇರಿಸಿತು. ಬ್ರೆಜಿಲ್ ಅದೇ ವರ್ಷ ಅವನ್ನು ನಿಷೇಧಿಸಿತು. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 2011ರಿಂದ 18 ವರ್ಷ ತುಂಬದವರನ್ನು ಅಂಗಡಿಯವರು ಅದರಲ್ಲಿ ಮಲಗಿಸುವಂತಿಲ್ಲ. ವೇಲ್ಸ್‌ನಲ್ಲಿ ಸಿಬ್ಬಂದಿ ಮೇಲ್ವಿಚಾರಣೆಗೆ ಇರಬೇಕು, ಕಣ್ಣಿಗೆ ರಕ್ಷಣಾ ಕನ್ನಡಕ ಒದಗಿಸಬೇಕು, ಅಪಾಯ ತಿಳಿಸುವ ಫಲಕ ಹಾಕಬೇಕು. ಬಯಸುವ ಬಣ್ಣ ಬೇರೆಯಾದರೂ ವ್ಯಾಪಾರ ನಡೆಯುವುದು ಚರ್ಮದ ಮೇಲೆಯೇ. ಅಲ್ಲಿ ಹೊಣೆಯನ್ನು ಅಂಗಡಿಯ ಮೇಲೆ ಹಾಕಿದ್ದಾರೆ, ಇಲ್ಲಿ ಅದು ಏನೂ ತಿಳಿಯದ ಹುಡುಗಿಯ ಮೇಲೆ ಬಿದ್ದಿದೆ.

ಪಾರ್ಲರ್‌ಗೆ ಪರವಾನಗಿ ಕೊಡುವುದು ಗ್ರಾಮ ಪಂಚಾಯತ್ ಅಥವಾ ನಗರಸಭೆ. ತಯಾರಕರ ಹೆಸರು, ವಿಳಾಸ, ಬ್ಯಾಚ್ ಸಂಖ್ಯೆ, ಪರವಾನಗಿ ಅಥವಾ ಆಮದು ನೋಂದಣಿ ಸಂಖ್ಯೆ ಇಲ್ಲದ ಯಾವ ಕ್ರೀಮನ್ನೂ ಬಳಸುವುದಿಲ್ಲ, ಮಾರುವುದಿಲ್ಲ ಎಂಬ ಷರತ್ತನ್ನು ಆ ಪರವಾನಗಿಯಲ್ಲೇ ಬರೆಯಬೇಕು. 18 ತುಂಬದವರಿಗೆ ಬಿಳುಪಿನ ಚಿಕಿತ್ಸೆ ಕೊಡಬಾರದು. ಕೊಟ್ಟ ಕ್ರೀಮಿನ ಹೆಸರು ಬರೆದ ರಶೀದಿ ಗಿರಾಕಿಯ ಕೈಗೆ ಸಿಗಬೇಕು; ನಮ್ಮಲ್ಲಿ ಅದೊಂದಿದ್ದರೆ ವೈದ್ಯರ ಕೆಲಸ ಎಷ್ಟೋ ಸುಲಭವಾಗುತ್ತಿತ್ತು. ಎಚ್ಚರಿಕೆಯ ಫಲಕ ಮಲಯಾಳದ ಜತೆಗೆ ಕನ್ನಡದಲ್ಲೂ ಇರಲೇಬೇಕು. ಕೇರಳದ 1969ರ ಅಧಿಕೃತ ಭಾಷಾ ಕಾಯ್ದೆ ಕನ್ನಡಿಗರಿಗೆ ಸರ್ಕಾರದೊಡನೆ ಕನ್ನಡದಲ್ಲೇ ಪತ್ರ ವ್ಯವಹಾರ ಮಾಡುವ ಹಕ್ಕು ಕೊಟ್ಟಿರುವಾಗ, ಇಲ್ಲಿನ ಹೆಣ್ಣುಮಕ್ಕಳಿಗೆ ಅಪಾಯದ ಸೂಚನೆ ಅರ್ಥವಾಗದ ಲಿಪಿಯಲ್ಲಿ ಸಿಕ್ಕರೆ ಸಾಲದು. ಎಂಡೋಸಲ್ಫಾನ್ ಕೀಟನಾಶಕದ ಸಿಂಪಡಣೆಯ ಕಾಲದಲ್ಲೂ ಎಚ್ಚರಿಕೆ ನಮ್ಮನ್ನು ಸಮಯಕ್ಕೆ ತಲುಪಿರಲಿಲ್ಲ.

ಆ ಡಬ್ಬಿಯನ್ನು ಎಸೆಯದೆ, ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಮಕ್ಕಳ ಕೈಗೆಟುಕದಂತೆ ಇಟ್ಟಿದ್ದೇವೆ. ಔಷಧ ನಿಯಂತ್ರಣ ಇಲಾಖೆಯ ಅಧಿಕಾರಿಗಳು ಕೇಳಿದರೆ ಪರೀಕ್ಷೆಗೆ ಕೊಡಲು ಸಿದ್ಧರಿದ್ದೇವೆ.

— ನಿವೃತ್ತ ಶಿಕ್ಷಕಿ, ಬದಿಯಡ್ಕ